ಡಬ್ಬಿಯ ತಳದ ಹಿಡಿ

ಸರಕಾರದ ಸಹಾಯ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಮೈ ಉರಿಯುತ್ತದೆ. ಉರಿಯಲಿ, ಆರಿಸಿಕೊಳ್ಳುವ ಇರಾದೆ ನನಗಿಲ್ಲ. ಕೊಡುವುದಿಲ್ಲ ಎಂದು ನೆಟ್ಟಗೆ ಹೇಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ಅಂಥವರು ಊರತುಂಬ ಇದ್ದಾರೆ, ಅವರ ಮೇಲೆಲ್ಲ ಸಿಟ್ಟು ಮಾಡುತ್ತ ಕೂತರೆ ಒಲೆ ಹಚ್ಚುವುದು ಯಾವಾಗ? ಕೊಡುತ್ತೇವೆ ಬನ್ನಿ ಎಂದು ಕರೆದು, ಕೂರಿಸಿ, ಚಹಾ ಕುಡಿಸಿ, ನಮ್ಮ ಅತ್ತೆಯ ಕೈಯಿಂದ ಮಾಡಬಾರದ ಒಂದು ಕೆಲಸ ಮಾಡಿಸಿ, ಕೊನೆಗೆ ಕೈ ಕೊಡವಿಕೊಂಡು ಎದ್ದವರ ಮೇಲೆ ನನ್ನ ಸಿಟ್ಟು.

ನಮ್ಮವರು ಬ್ಯಾಂಕಿನಲ್ಲಿದ್ದಾರೆ. ಗದಗಿನ ಕಡೆಯಿಂದ ಹೊರಟ ನಮ್ಮ ಸಂಸಾರ ವರ್ಗಾವಣೆಯ ಬೆನ್ನು ಹತ್ತಿ ಮೊದಲು ವಡೋದರಾಕ್ಕೆ ಬಂತು, ಅಲ್ಲಿಂದ ಸೂರತ್ತಿಗೆ. ಅಡಾಜಣ್‌ನಲ್ಲಿ ಬಾಡಿಗೆ ಫ್ಲ್ಯಾಟು. ಮಾವ ತೀರಿಕೊಂಡ ಮೇಲೆ ಅತ್ತೆಯೂ ನಮ್ಮ ಜೊತೆಗೇ ಬಂದರು. ಬರುವಾಗ ಒಂದು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಮತ್ತು ಮಡಿಲಲ್ಲಿ ಶೇಂಗಾ ಚಟ್ನಿಯ ಡಬ್ಬಿ. ರೈಲಿನಲ್ಲಿ ಆ ಡಬ್ಬಿಯನ್ನು ಸೀಟಿನ ಕೆಳಗೆ ಸಹ ಇಡಲು ಬಿಡಲಿಲ್ಲ.

ಚಟ್ನಿಯ ವ್ಯಾಪಾರ ಶುರುವಾದದ್ದು ನಮ್ಮವರ ಊಟದ ಡಬ್ಬಿಯಿಂದ. ಬ್ಯಾಂಕಿನವರು ಒಂದೊಂದು ಬೆರಳು ನೆಕ್ಕಿ ನೋಡಿದರು, ಆಮೇಲೆ ಮನೆಗೇ ಬಂದು ಕೇಳಿದರು. ಎದುರು ಫ್ಲ್ಯಾಟಿನವರು ಖಾಖ್ರಾ ಎಂಬ ಗರಿಗರಿ ರೊಟ್ಟಿಯ ಮೇಲೆ ತುಪ್ಪ ಸವರಿ, ಅದರ ಮೇಲೆ ನಮ್ಮ ಚಟ್ನಿ ಉದುರಿಸಿ ತಿನ್ನತೊಡಗಿದರು. ಶೇಂಗಾ ಚಟ್ನಿಯನ್ನು ಮಿಕ್ಸರಿಗೆ ಹಾಕಿದರೆ ಅತ್ತೆ ಆ ದಿನ ಊಟ ಬಿಡುತ್ತಾರೆ. ಕುಟ್ಟಬೇಕು, ಕುಟ್ಟಿ ಎಣ್ಣೆ ಬಿಡಿಸಬೇಕು. ಮೂರನೆಯ ಮಹಡಿಯಲ್ಲಿ ಕುಟ್ಟಿದರೆ ಎರಡನೆಯ ಮಹಡಿಯವರ ಫ್ಯಾನು ಅಲುಗಾಡುತ್ತದಂತೆ. ಸೊಸೈಟಿಯ ಸೆಕ್ರೆಟರಿ ಬಂದು ಕೈ ಮುಗಿದು ಹೋದರು. ಆಗ ಊರಿನ ಇನ್ನೊಂದು ತುದಿಯ ಉಧ್ನಾದಲ್ಲಿ ಮಗ್ಗಗಳ ಸಾಲಿನ ಹಿಂದೆ ಒಂದು ಕೋಣೆ ಹಿಡಿದು ಕುಟ್ಟುವ ಮಷಿನು ಹಾಕಿಸಿದೆವು. ಆ ಮಗ್ಗಗಳ ಗದ್ದಲದಲ್ಲಿ ನಾವು ಗುಡ್ಡ ಕುಟ್ಟಿದರೂ ಯಾರಿಗೂ ಕೇಳಿಸುವಂತಿರಲಿಲ್ಲ.

ಈಗ ಆ ಡಬ್ಬಿಯ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಚಟ್ನಿ ಡಬ್ಬಿಯನ್ನು ಬರಿದು ಮಾಡುವುದಿಲ್ಲ. ಅಕ್ಕಿ, ಹಿಟ್ಟಿನ ಡಬ್ಬಿಗಳಿಗೆ ಹಲವು ಮನೆಗಳಲ್ಲಿ ಈ ಕಟ್ಟಳೆ ಇದೆ, ನಮ್ಮಲ್ಲಿ ಚಟ್ನಿಗೂ ಇದೆ. ತಳದಲ್ಲಿ ಒಂದು ಹಿಡಿ ಉಳಿದಿರುವಾಗಲೇ ಹೊಸದನ್ನು ಕುಟ್ಟಿ ಅದರ ಮೇಲೆ ಸುರಿದು, ಕೈ ಹಾಕಿ ಎರಡನ್ನೂ ಕಲಸಬೇಕು. ಹಾಗೆ ಮಾಡಿದರೆ ಹುಲುಸು. ಅತ್ತೆಗೆ ಇದನ್ನು ಹೇಳಿಕೊಟ್ಟದ್ದು ಅವರ ಅತ್ತೆ. ವ್ಯಾಪಾರ ಬೆಳೆದಂತೆ ಡಬ್ಬಿ ಸಣ್ಣದು ಹೋಗಿ ಕೊಡದಷ್ಟು ದೊಡ್ಡ ಸ್ಟೀಲಿನದು ಬಂತು. ಹಳೆಯ ಡಬ್ಬಿಯ ಹಿಡಿಯನ್ನು ಅತ್ತೆ ನೇರ ಹೊಸದಕ್ಕೆ ಸುರಿದರು. ಡಬ್ಬಿಯ ಜೊತೆ ಹಿಡಿಯೂ ದೊಡ್ಡದಾಯಿತು. ಹೆಸರಿಗೆ ಹಿಡಿ, ನಿಜಕ್ಕೂ ತಳ ತುಂಬುವಷ್ಟು ಚಟ್ನಿ.

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಒಂದು ಅಂಗಡಿ ಇದೆ. ಅಲ್ಲಿ ಬೆಲ್ಲವೂ ಗಾಜಿನ ಕಪಾಟಿನಲ್ಲಿ ಕೂತಿರುತ್ತದೆ. ಅದರ ಮಾಲೀಕರು ನಮ್ಮ ಚಟ್ನಿ ರುಚಿ ನೋಡಿ ತಿಂಗಳು ತಿಂಗಳು ಇಷ್ಟು ಬೇಕು ಎಂದರು. ಆದರೆ ಪೊಟ್ಟಣದ ಮೇಲೆ ಸಾವಯವದ ಮುದ್ರೆ ಇರಬೇಕು, ಅವರ ಗಿರಾಕಿಗಳು ಪೊಟ್ಟಣ ತಿರುಗಿಸಿ ಮೊದಲು ಅದನ್ನೇ ನೋಡುತ್ತಾರಂತೆ. ನಾವು ಶೇಂಗಾ ತರಿಸುತ್ತಿದ್ದದ್ದು ಸೌರಾಷ್ಟ್ರದ ಸಾವಯವ ರೈತರಿಂದಲೇ. ನಾವೇ ಗಿರಾಕಿಯ ಕೈಗೆ ಕೊಡುತ್ತಿದ್ದಷ್ಟು ದಿನ ಯಾರೂ ಏನೂ ಕೇಳಿರಲಿಲ್ಲ. ಅಂಗಡಿಯ ಕಪಾಟು ಹತ್ತಬೇಕಾದರೆ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ತಪಾಸಣೆ, ತಪಾಸಣೆಗೆ ಫೀಸು. ಆ ಫೀಸು ಕೇಳಿದಾಗ ನಮ್ಮವರು ಕನ್ನಡಕ ತೆಗೆದು ಒರೆಸಿಕೊಂಡರು. ಎರಡನೆಯ ಮಷಿನಿಗೆಂದು ಕೂಡಿಟ್ಟ ಹಣವೆಲ್ಲ ಅದಕ್ಕೇ ಹೋಗುತ್ತಿತ್ತು. ಎರಡನೆಯ ಮಷಿನು ಇಲ್ಲದೆ ಆ ಅಂಗಡಿಯವರು ಕೇಳಿದಷ್ಟು ಕುಟ್ಟಿಕೊಡುವುದು ಆಗದ ಮಾತು.

ಆಗ ಸರಕಾರದವರಿಂದ ವಡೋದರಾಕ್ಕೆ ಕರೆ ಬಂತು. ಸಣ್ಣ ತಿನಿಸಿನ ಉದ್ಯಮದವರಿಗೆ ಸಾವಯವ ಸರ್ಟಿಫಿಕೇಟಿನ ಖರ್ಚಿನಲ್ಲಿ ಬಹುಪಾಲು ಸರಕಾರವೇ ಮರಳಿ ಕೊಡುತ್ತದೆ, ಸಭೆ ಇದೆ, ಬನ್ನಿ. ನಾನೂ ಅತ್ತೆಯೂ ಬೆಳಗಿನ ರೈಲು ಹಿಡಿದು ಹೋದೆವು. ಹೂವಿನ ಅಲಂಕಾರ, ದೀಪ, ಭಾಷಣ. ವೇದಿಕೆಯ ಮೇಲೆ ಒಬ್ಬ ದೊಡ್ಡ ಉದ್ಯಮಿಯ ಕೈಗೆ ಬಾಗಿಲಷ್ಟು ದೊಡ್ಡ ರಟ್ಟಿನ ಚೆಕ್ಕು ಕೊಟ್ಟು ಫೋಟೋ ತೆಗೆಸಿಕೊಂಡರು. ಆತನ ಕಾರ್ಖಾನೆಯ ಬಸ್ಸುಗಳೇ ಹೊರಗೆ ಸಾಲಾಗಿ ನಿಂತಿದ್ದವು. ಸಣ್ಣ ಉದ್ಯಮದವರು ಎಂದು ಕರೆಸಿಕೊಂಡ ನಾವೆಲ್ಲ ಹಿಂದಿನ ಕುರ್ಚಿಗಳಲ್ಲಿ ಕೂತು ಚಪ್ಪಾಳೆ ತಟ್ಟಿದೆವು. ಅತ್ತೆ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಸಭೆ ಮುಗಿದ ಮೇಲೆ ಮೇಜಿನ ಹತ್ತಿರ ಹೋಗಿ ಕೇಳಿದೆ. ಮೊದಲು ಫೀಸು ಕಟ್ಟಿ, ಸರ್ಟಿಫಿಕೇಟು ಬಂದ ಮೇಲೆ ಅದನ್ನೂ ಫೀಸಿನ ರಸೀದಿಯನ್ನೂ ಸೂರತ್ತಿನ ಕಚೇರಿಗೆ ತಂದು ತೋರಿಸಿ, ಹಣ ಬರುತ್ತದೆ ಎಂದರು. ಅಷ್ಟೇ ಹೇಳಿದರು. ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ. ನಾನು ಮನೆಗೆ ಬಂದು ಫೀಸು ಕಟ್ಟಿದೆ.

ಉತ್ತರಾಯಣದ, ಅಂದರೆ ಸಂಕ್ರಾಂತಿಯ, ಗಾಳಿಪಟಗಳು ಇನ್ನೂ ತಂತಿಗಳಿಗೆ ಜೋತಾಡುತ್ತಿದ್ದಾಗ ಅಹಮದಾಬಾದಿನಿಂದ ತಪಾಸಣೆಯವನು ಉಧ್ನಾದ ಕೋಣೆಗೆ ಬಂದ. ಇನ್ನೂ ಎಳೆಯ ಮುಖ, ಮೆತ್ತಗಿನ ಮಾತು. ಅತ್ತೆಯನ್ನು ‘ಬಾ’ ಎಂದು ಕರೆದ. ಗುಜರಾತಿನಲ್ಲಿ ತಾಯಿಯನ್ನೂ ಅಜ್ಜಿಯನ್ನೂ ಹಾಗೆ ಕರೆಯುತ್ತಾರೆ. ಶೇಂಗಾದ ಚೀಲ ನೋಡಿದ, ಮೆಣಸಿನಕಾಯಿ ನೋಡಿದ, ಮಷಿನಿನ ಒಳಗೆಲ್ಲ ಟಾರ್ಚು ಬಿಟ್ಟು ನೋಡಿದ. ಎಲ್ಲಕ್ಕೂ ತಲೆ ಆಡಿಸಿದ. ನಾನು ಮನಸ್ಸಿನಲ್ಲೇ ಎರಡನೆಯ ಮಷಿನನ್ನು ಕೋಣೆಯ ಯಾವ ಮೂಲೆಗೆ ಹಾಕುವುದೆಂದು ನೋಡುತ್ತಿದ್ದೆ. ಕೊನೆಗೆ ಅವನು ಆ ದೊಡ್ಡ ಡಬ್ಬಿಯ ಮುಚ್ಚಳ ತೆಗೆದ.

ತಳದಲ್ಲಿರುವುದು ಏನು ಎಂದು ಕೇಳಿದ. ಹಳೆಯ ಚಟ್ನಿ ಎಂದೆ. ಯಾವಾಗಿನದು ಎಂದ. ನಾನು ಅತ್ತೆಯ ಮುಖ ನೋಡಿದೆ. ಅತ್ತೆಗೆ ಪ್ರಶ್ನೆ ಕನ್ನಡದಲ್ಲಿ ಹೇಳಿದಾಗ ಅವರಿಗೆ ಖುಷಿಯೇ ಆಯಿತು. ಇಷ್ಟು ವರ್ಷದಲ್ಲಿ ಆ ಡಬ್ಬಿಯ ಬಗ್ಗೆ ಕೇಳಿದ ಮೊದಲ ಗಂಡಸು ಅವನು.

“ನಮ್ಮ ಅತ್ತಿ ಕಾಲದ್ದು ಅಂತ ಹೇಳವಾ. ಒಂದ್ಸಲನೂ ಖಾಲಿ ಮಾಡಿಲ್ಲ ಅಂತ ಹೇಳು,” ಎಂದರು ಹೆಮ್ಮೆಯಿಂದ.

ನಾನು ಹೇಳಿದೆ. ಹೇಳಿದ ಮೇಲೆ ಅವನ ಮುಖ ನೋಡಿ, ಹೇಳಬಾರದಿತ್ತು ಎಂದು ಗೊತ್ತಾಯಿತು.

“ಈ ಹಿಡಿ ಯಾವ ಹೊಲದ್ದು ಅಂತ ‘ಬಾ’ ಹೇಳಬಲ್ಲರಾ?” ಎಂದು ಅವನು ಹಿಂದಿಯಲ್ಲಿ ಕೇಳಿದ.

ಅತ್ತೆ ನಕ್ಕರು. “ಯಾವ ಹೊಲದ್ದಂತ ಹೇಳ್ಲಿ? ಎಲ್ಲಾ ಹೊಲದ್ದೂ ಐತಿ ಅದರಾಗ.”

ಅವನು ಬರೆದುಕೊಂಡ. ಹೊಸ ಶೇಂಗಾ ಎಷ್ಟು ಶುದ್ಧವಾಗಿದ್ದರೂ, ಎಲ್ಲಿಯದೆಂದು ಗೊತ್ತಿಲ್ಲದ ಹಳೆಯ ಚಟ್ನಿ ಅದರಲ್ಲಿ ಬೆರೆತರೆ ಅದು ಸಾವಯವ ಅಲ್ಲ. ಡಬ್ಬಿ ಪೂರ್ತಿ ಬರಿದು ಮಾಡಿ, ತೊಳೆದು, ಒಣಗಿಸಿ ಕರೆಯಿರಿ, ಮತ್ತೆ ಬರುತ್ತೇನೆ ಎಂದ. ನಾನು ವಾದಿಸಿದೆ, ದನಿಯನ್ನೂ ಏರಿಸಿದೆ. ಅವನು ಸಿಟ್ಟಾಗಲಿಲ್ಲ. ನಿಮಗೆ ಒಂದು ಹಿಡಿ ಬಿಟ್ಟರೆ ನಾಳೆ ಕಾರ್ಖಾನೆಯವನು ಒಂದು ಮೂಟೆ ಬಿಡು ಎನ್ನುತ್ತಾನೆ ಎಂದ. ಅವನು ಹೇಳಿದ್ದು ಸರಿ ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ, ಅದಕ್ಕೇ ಅವನ ಮೇಲೆ ಇನ್ನಷ್ಟು ಸಿಟ್ಟು.

ಡಬ್ಬಿಯನ್ನು ಆಟೋದಲ್ಲಿ ಅಡಾಜಣ್‌ಗೆ ತಂದೆವು. ಸೇತುವೆಯ ಮೇಲೆ ಬರುವಾಗ ಅತ್ತೆ ತಾಪಿ ನದಿಯ ಕಡೆಗೂ ನೋಡಲಿಲ್ಲ. ಮನೆಯಲ್ಲಿ ನಾನು ಸುಲಭದ ದಾರಿಗಳನ್ನೆಲ್ಲ ಹೇಳಿದೆ. ಹೊಸ ಡಬ್ಬಿ ಒಂದು ಕೊಳ್ಳೋಣ, ಅದರಲ್ಲಿ ಅಂಗಡಿಯ ಚಟ್ನಿ ಮಾಡೋಣ, ಇದು ಮನೆಯಲ್ಲಿ ಹೀಗೇ ಇರಲಿ ಎಂದೆ.

“ಒಂದ ಮನ್ಯಾಗ ಎರಡು ಚಟ್ನಿ ಡಬ್ಬಿ ಇಡ್ತಾರೇನು? ಎರಡು ಒಲಿ ಹೂಡಿದಂಗ ಆಗ್ತೈತಿ. ಮನಿ ಪಾಲಾಗೂದು ಹಂಗ,” ಎಂದರು ಅತ್ತೆ.

“ಹಂಗಾರ ಇದನ್ನ ಚೆಲ್ಲಿಬಿಡೋಣ್ರಿ ಅತ್ತಿ. ಒಂದು ಹಿಡಿ ಚಟ್ನಿ, ಎಷ್ಟರ ಮಾತು!”

ಅತ್ತೆ ನನ್ನನ್ನು ನೋಡಿದ ರೀತಿಗೆ ನಾನು ಒಳಗೆ ಹೋಗಿ ಸಿಂಕಿನ ನಲ್ಲಿ ತಿರುಗಿಸಿ ಸುಮ್ಮನೆ ಪಾತ್ರೆ ತಿಕ್ಕಿದೆ. ಮರುದಿನ ಊಟಕ್ಕೆ ಕೂತಾಗ ಅವರೇ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ಚಮಚದಲ್ಲಿ ಒಂದಿಷ್ಟು ತೆಗೆದು ಭಾಕ್ರಿ ರೊಟ್ಟಿಯ ಬದಿಗೆ ಹಾಕಿಕೊಂಡು ಮೊಸರು ಕಲಸಿಕೊಂಡರು. ಬಟ್ಟಲಿಗೆ ಸುರಿದುಕೊಳ್ಳಲಿಲ್ಲ. ಡಬ್ಬಿಯಲ್ಲಿದ್ದದ್ದು ಡಬ್ಬಿಯಿಂದಲೇ ಬಾಯಿಗೆ ಹೋಗಬೇಕಂತೆ, ಇಲ್ಲದಿದ್ದರೆ ಚೆಲ್ಲಿದ ಲೆಕ್ಕ. ನಮ್ಮವರು ಒಳ್ಳೆಯದಾಯಿತೆಂದು ತಾವೂ ಚಮಚ ಹಾಕಿದರು. ಅತ್ತೆ ಮಗನ ಕೈಗೆ ಪಟ್ಟನೆ ಹೊಡೆದರು. ತಲೆ ನರೆತ ಮ್ಯಾನೇಜರು ಹುಡುಗನಂತೆ ಕೈ ಹಿಂದೆ ತೆಗೆದುಕೊಂಡಾಗ ನನಗೆ ನಗು ಬಂತು.

“ನೀವ್ಯಾರೂ ಮುಟ್ಟಬ್ಯಾಡ್ರಿ. ಇದನ್ನ ಮುಗಿಸಿದವರ ಮ್ಯಾಲೆ ಬರ್ತೈತಿ ಅದು. ಬಂದ್ರ ನನಗ ಬರ್ಲಿ, ನಂದೇನು ಉಳದೈತಿ,” ಎಂದರು.

ನನ್ನ ನಗು ಅಲ್ಲೇ ನಿಂತಿತು. ಏನು ಬರುತ್ತದೆ ಎಂದು ನಾನು ಕೇಳಲಿಲ್ಲ. ಡಬ್ಬಿ ಬರಿದು ಮಾಡಿದ ಮನೆಗೆ ಏನು ಕೇಡು ಬರುತ್ತದೆಂದು ನಮ್ಮ ಕಡೆ ಹೇಳುತ್ತಾರೋ, ಅದನ್ನು ಅವರು ಒಬ್ಬರೇ ತಮ್ಮ ತಲೆಯ ಮೇಲೆ ಎಳೆದುಕೊಂಡಿದ್ದರು. ಅದೂ ಸೊಸೆಯ ಸರ್ಟಿಫಿಕೇಟಿಗಾಗಿ.

ಅವರಿಗೆ ಖಾರ ಆಗಿಬರುವುದಿಲ್ಲ. ಹೊಟ್ಟೆಯಲ್ಲಿ ಉರಿ, ಡಾಕ್ಟರು ಚಟ್ನಿ ಉಪ್ಪಿನಕಾಯಿ ಮುಟ್ಟಬೇಡಿ ಎಂದು ಎಂದೋ ಹೇಳಿದ್ದಾರೆ. ಜೀವನವಿಡೀ ಊರಿಗೆಲ್ಲ ಚಟ್ನಿ ಮಾಡಿದವರು ಈಗ ತಿನ್ನಲಾರದ ವಯಸ್ಸಿನಲ್ಲಿ ದಿನಾ ಒಂದಿಷ್ಟು ತಿನ್ನುತ್ತಿದ್ದರು, ಮೇಲೆ ಮಜ್ಜಿಗೆ ಕುಡಿಯುತ್ತಿದ್ದರು. ಹೊಟ್ಟೆ ಕೆಟ್ಟ ದಿನ ಬಿಡುತ್ತಿದ್ದರು, ಮತ್ತೆ ಹಿಡಿಯುತ್ತಿದ್ದರು. ಬೋಡಕ್‌ದೇವ್‌ನ ಮಾಲೀಕರು ಫೋನು ಮಾಡಿದಾಗೆಲ್ಲ ಆಗುತ್ತಿದೆ ಎನ್ನುತ್ತಿದ್ದೆ. ಏನು ಆಗುತ್ತಿದೆ ಎಂದು ಅವರಿಗೆ ಹೇಗೆ ತಿಳಿಸುವುದು? ಬೇಗ ಮುಗಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಹೋಳಿ ಬಂತು, ಹೋಯಿತು. ಒಂದು ಮಧ್ಯಾಹ್ನ ಅತ್ತೆ ಬೆರಳಿನಿಂದ ಡಬ್ಬಿಯ ತಳ ಒರೆಸಿ ಬಾಯಿಗಿಟ್ಟುಕೊಂಡು, ಕೈ ಮುಗಿದು, ಡಬ್ಬಿಯನ್ನು ನನ್ನ ಕಡೆ ನೂಕಿದರು.

“ತೊಳ್ಕೊ ತಂಗಿ. ನಿನ್ನ ಸಾಹೇಬ್ರನ್ನ ಕರಿ.”

ತೊಳೆದೆ. ಕರೆದೆ. ಅವನು ಮತ್ತೆ ಬಂದ, ಡಬ್ಬಿಯೊಳಗೆ ಟಾರ್ಚು ಬಿಟ್ಟ, ತೃಪ್ತಿಪಟ್ಟ. ‘ಬಾ’ ಎಲ್ಲಿ ಎಂದು ಕೇಳಿದ. ಮನೆಯಲ್ಲಿ ಮಲಗಿದ್ದಾರೆ ಎಂದೆ. ನಿಜಕ್ಕೂ ಮಲಗಿದ್ದರು, ಹೊಟ್ಟೆಗೆ ಒದ್ದೆ ಬಟ್ಟೆ ಹಾಕಿಕೊಂಡು. ಬಿಸಿಲು ಏರಿ, ಬೀದಿಯಲ್ಲಿ ಜನ ವರ್ಷದ ಮೆಣಸಿನಕಾಯಿ ಕುಟ್ಟಿಸಲು ಸಾಲು ನಿಂತ ಕಾಲಕ್ಕೆ ಸರ್ಟಿಫಿಕೇಟು ಕೈಗೆ ಬಂತು. ಅದೇ ದಿನ ಹಣ ಕೇಳಲು ಸೂರತ್ತಿನ ಕಚೇರಿಗೆ ಹೋದೆ.

ಕೌಂಟರಿನವನು ಫೀಸಿನ ರಸೀದಿ ನೋಡಿದ, ಸರ್ಟಿಫಿಕೇಟು ನೋಡಿದ, ಎರಡನ್ನೂ ಸರಿಯಾಗಿ ಜೋಡಿಸಿ ನನಗೇ ಮರಳಿ ಕೊಟ್ಟ.

“ಬೇನ್,” ಎಂದ, ಅಂದರೆ ಅಕ್ಕಾ, “ಹಣ ಕಟ್ಟಿದ್ದು ಮಾರ್ಚ್ ಮುಗಿಯುವ ಮೊದಲು. ಸರ್ಟಿಫಿಕೇಟು ಬಂದದ್ದು ಮಾರ್ಚ್ ಮುಗಿದ ಮೇಲೆ. ಎರಡೂ ಒಂದೇ ಹಣಕಾಸು ವರ್ಷದ್ದಿರಬೇಕು.”

“ಹಾಗಾದರೆ ಹೋದ ವರ್ಷದ ಲೆಕ್ಕದಲ್ಲಿ ಕೊಡಿ,” ಎಂದೆ.

“ಹೋದ ವರ್ಷ ನಿಮ್ಮ ಹತ್ತಿರ ಸರ್ಟಿಫಿಕೇಟು ಇರಲಿಲ್ಲವಲ್ಲ.”

“ಈ ವರ್ಷದ ಲೆಕ್ಕದಲ್ಲಿ ಕೊಡಿ.”

“ಈ ವರ್ಷ ನೀವು ಫೀಸು ಕಟ್ಟಿಲ್ಲವಲ್ಲ.”

“ಅಂದರೆ ನಾವು ಯಾವ ವರ್ಷದವರು?” ಎಂದು ಕೂಗಿದೆ. ಇಡೀ ಕೋಣೆ ತಿರುಗಿ ನೋಡಿತು. ಈ ಮಾತನ್ನು ವಡೋದರಾದ ಮೇಜಿನಲ್ಲಿ ಯಾರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಒಳಗಿನ ಸಾಹೇಬರ ಕಡೆ ಬೆರಳು ತೋರಿಸಿದ.

ಸಾಹೇಬರ ಕೋಣೆ ತಂಪಾಗಿತ್ತು. ಗೋಡೆಯ ಮೇಲೆ ವಡೋದರಾದ ಸಭೆಯ ಫೋಟೋ, ಅದರಲ್ಲಿ ಆ ಬಾಗಿಲಷ್ಟು ದೊಡ್ಡ ಚೆಕ್ಕು. ಅವರು ಮರ್ಯಾದೆಯಿಂದ ಕೂರಿಸಿದರು, ಚಹಾ ತರಿಸಿದರು. ಮೊದಲ ತಪಾಸಣೆಯಲ್ಲೇ ಮುಗಿದಿದ್ದರೆ ಏನೂ ತೊಂದರೆ ಇರುತ್ತಿರಲಿಲ್ಲ, ಅಷ್ಟೊಂದು ತಡ ಯಾಕಾಯಿತು ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಆದರೆ ನನಗೆ ಅವರಿಗೆ ಅದು ತಿಳಿಯಬೇಕು ಎನ್ನಿಸಿತು. ಹಿಡಿಯ ವಿಷಯ, ಅತ್ತೆಯ ಹೊಟ್ಟೆಯ ವಿಷಯ, ಎಲ್ಲ ಹೇಳಿದೆ.

ಅವರು ನಕ್ಕರು. ಕೆಟ್ಟ ನಗೆಯಲ್ಲ, ಕಥೆ ಕೇಳಿದವರ ನಗೆ. ಪಕ್ಕದ ಕೋಣೆಯವರನ್ನೂ ಕರೆದು ಕೇಳಿಸಿದರು. “ಒಂದು ಹಿಡಿ ಚಟ್ನಿ! ಡಸ್ಟ್‌ಬಿನ್ನಿಗೆ ಹಾಕಿದ್ದರೆ ಒಂದು ನಿಮಿಷದ ಕೆಲಸ, ಬೇನ್.” ಬಂದವರೂ ನಕ್ಕರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಮಂಗಳಾರತಿ ತಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನು ಚಹಾದ ಕಪ್ಪನ್ನು ಹಾಗೇ ಬಿಟ್ಟು ಎದ್ದೆ. ಹಿಂದಿ ಮರೆತುಹೋಯಿತು, ಗುಜರಾತಿ ಮೊದಲೇ ಅಷ್ಟಕ್ಕಷ್ಟೆ. ಗದಗಿನ ಕನ್ನಡವೊಂದೇ ಬಾಯಿಗೆ ಬಂತು.

“ನಿಮ್ಮ ಬಾಯಾಗ ಮಣ್ಣ ಹಾಕ! ತಿನ್ನೂದನ್ನ ಚೆಲ್ಲಿದವರಿಗೆ ರೊಕ್ಕ ಕೊಡ್ತೀರಿ, ತಿಂದವರಿಗೆ ಕೊಡಾಂಗಿಲ್ಲ. ಇದಕ್ಕ ಸಾವಯವ ಅಂತ ಬ್ಯಾರೆ ಹೆಸರು!”

ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಆದರೂ ನಗು ನಿಂತಿತು. ಮೆಟ್ಟಿಲಿಳಿದು ಬಂದೆ. ಕೆಳಗೆ ಆಟೋದವನು ಎಲ್ಲಿಗೆ ಎಂದರೆ ಅವನಿಗೂ ಕನ್ನಡದಲ್ಲೇ ಹೇಳಿದೆ.

ಅತ್ತೆಗೆ ಹಣ ಬರಲಿಲ್ಲ ಎಂದಷ್ಟೇ ಹೇಳಿ ಮುಗಿಸಬೇಕೆಂದಿದ್ದೆ. ಸಂಜೆ ನಮ್ಮವರು ಬೂಟು ಬಿಚ್ಚುತ್ತ, “ಮಾರ್ಚ್ ಮುಗಿಯೂದ್ರಾಗ ಡಬ್ಬಿ ಖಾಲಿ ಆಗಿದ್ರ ಬರ್ತಿತ್ತು,” ಎಂದುಬಿಟ್ಟರು. ಬ್ಯಾಂಕಿನವರಿಗೆ ಮಾರ್ಚ್ ಬಿಟ್ಟರೆ ಬೇರೆ ತಿಂಗಳು ಕಾಣುವುದಿಲ್ಲ. ನಾನು ಕಣ್ಣು ಕೆಕ್ಕರಿಸಿದೆ, ಆದರೆ ಮಾತು ಅಷ್ಟರಲ್ಲಿ ಅವರ ಬಾಯಿ ದಾಟಿತ್ತು. ಬಾಲ್ಕನಿಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು.

“ಅಂದ್ರ ನಾ ಸಾವಕಾಶ ತಿಂದಿದ್ದಕ್ಕ ಹೋತೇನು ಅದು?”

“ಅಲ್ರಿ ಅತ್ತಿ. ಅವ್ರು ಕೊಡೂ ಮಂದಿನ ಅಲ್ಲ.”

“ಹೇಳಬೇಕಿಲ್ಲೇನವಾ ಅವರಿಗೆ? ಮುದುಕಿಗೆ ಹಲ್ಲಿಲ್ಲ, ಹೊಟ್ಟಿ ಸರಿ ಇಲ್ಲ, ಅದಕ್ಕ ತಡಾ ಆತು ಅಂತ. ಮುಂದಿನ ಸಲ ಲಗೂನ ತಿಂತಾಳಂತ ಹೇಳು.”

ಅವರು ತಪ್ಪು ಮಾಡಿದವರಂತೆ ನಿಂತಿದ್ದರು. ನನಗೆ ಆ ಹೊತ್ತು ಬಂದಂಥ ಸಿಟ್ಟು ಹಿಂದೆ ಎಂದೂ ಬಂದಿರಲಿಲ್ಲ, ಅದನ್ನು ಯಾರ ಮೇಲೆ ಹಾಕಬೇಕೋ ಅವರು ಯಾರೂ ಆ ಕೋಣೆಯಲ್ಲಿ ಇರಲಿಲ್ಲ. ನಮ್ಮವರ ಬೂಟನ್ನು ಎತ್ತಿ ಬಾಗಿಲ ಹೊರಗೆ ಎಸೆದೆ. ಅವರು ಹೋಗಿ ತಂದುಕೊಂಡರು.

ಎರಡನೆಯ ಮಷಿನು ಬರಲಿಲ್ಲ. ಬೋಡಕ್‌ದೇವ್‌ನವರು ಕೇಳಿದ್ದರಲ್ಲಿ ಅರ್ಧವನ್ನೂ ನಮ್ಮ ಒಂದು ಮಷಿನು ಕುಟ್ಟಿಕೊಡಲಿಲ್ಲ. ಅವರು ಇನ್ನೊಬ್ಬರನ್ನು ನೋಡಿಕೊಂಡರು, ನಮಗೆ ಕಪಾಟಿನ ಒಂದು ಮೂಲೆ ಬಿಟ್ಟರು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡ ಎಂದು ನಾನು ಆ ಕಚೇರಿಯ ಕಡೆ ಮತ್ತೆ ಕಾಲಿಡಲಿಲ್ಲ. ಅವರ ಮುಂದಿನ ಸಭೆಗೆ ಕರೆ ಬಂದಾಗ ಫೋನಿನಲ್ಲೇ ಬೈದೆ.

ಮುದ್ರೆಯಿದ್ದ ಮೊದಲ ಪೊಟ್ಟಣಗಳನ್ನು ತುಂಬಿದ ದಿನ ಅತ್ತೆ ಉಧ್ನಾಕ್ಕೆ ಬಂದಿದ್ದರು. ಚಟ್ನಿ ಕಮ್ಮಿಯಾಗುತ್ತ ಬಂದಾಗ ನಾನು ಚಮಚ ಕೆಳಗಿಟ್ಟು, “ಒಂದು ಹಿಡಿ ಇರ್ಲಿ ಬಿಡ್ರಿ ಅತ್ತಿ. ಈಗಿಂದು ಯಾವ ಹೊಲದ್ದಂತ ನಮಗ ಗೊತ್ತೈತಿ,” ಎಂದೆ. ಯಾವ ತಪಾಸಣೆಯವನು ಬಂದರೂ ನಾನು ನೋಡಿಕೊಳ್ಳುತ್ತೇನೆ ಎಂದೆ.

ಅವರು ನನ್ನ ಮಾತು ಕೇಳಲೇ ಇಲ್ಲ. ತಳದ ಚಟ್ನಿಯನ್ನೆಲ್ಲ ಬಳಿದು ಕೊನೆಯ ಪೊಟ್ಟಣಕ್ಕೆ ತುಂಬಿದರು. ಬಟ್ಟೆ ತೆಗೆದುಕೊಂಡು ಡಬ್ಬಿಯ ಒಳಗೆ ಕೈ ಪೂರ್ತಿ ಇಳಿಸಿ ಒರೆಸಿದರು. ಆಮೇಲೆ ಡಬ್ಬಿಯನ್ನು ಓರೆ ಮಾಡಿ, ತಪಾಸಣೆಯ ಆ ಹುಡುಗನಿಗೆ ತೋರಿಸುವವರಂತೆ, ಬಾಗಿಲ ಬೆಳಕಿಗೆ ಹಿಡಿದು ನನಗೆ ತೋರಿಸಿದರು.

“ನೋಡು, ಒಂದು ಕಾಳೂ ಇಲ್ಲ. ಚಲೋ ಆತಿಲ್ಲೋ?”

ಕಚೇರಿಗೆ ಕಚೇರಿಯನ್ನೇ ಬೈದು ಬಂದವಳು ನಾನು. ಅವರ ಮುಂದೆ, “ಚಲೋ ಆತ್ರಿ,” ಎಂದೆ.